ಮೊಬೈಲ್ ಸಿಮ್ಯುಲೇಟರ್‌ನಲ್ಲಿ ದೊಡ್ಡ ವಿಮಾನವನ್ನು ಮೆತ್ತಗೆ ಇಳಿಸುವುದು ಹೇಗೆ

ಚಕ್ರ ನೆಲಕ್ಕೆ ಬಡಿದು ವಿಮಾನ ಧಡ್ ಎಂದಾಗ ಹೆಚ್ಚಿನವರು ಕೊನೆಗಳಿಗೆಯಲ್ಲಿ ಮೂತಿ ಎತ್ತಿದ್ದು ಸರಿಯಾಗಲಿಲ್ಲ ಎಂದುಕೊಳ್ಳುತ್ತಾರೆ. ಮುಂದಿನ ಸಲ ಇನ್ನೂ ಜೋರಾಗಿ ಎತ್ತುತ್ತಾರೆ, ವಿಮಾನ ಗಾಳಿಯಲ್ಲೇ ತೇಲಿ ಅರ್ಧ ರನ್‌ವೇ ದಾಟಿ ಬೀಳುತ್ತದೆ. ತಪ್ಪು ಆಗಿರುವುದು ಬಹುಪಾಲು ಅದಕ್ಕೂ ಒಂದೂವರೆ ನಿಮಿಷ ಮೊದಲು, ಸುಮಾರು 1,000 ಅಡಿ ಎತ್ತರದಲ್ಲಿ. ಆಗಲೇ ವೇಗ 15 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಹೆಚ್ಚಿತ್ತು, ಎಂಜಿನ್ ಬಲ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಪೂರ್ತಿ ಕೆಳಗಿತ್ತು, ಇಲ್ಲವೇ ಇಳಿಯುವ ದರ ಮೇಲೆ ಕೆಳಗೆ ಓಲಾಡುತ್ತಿತ್ತು. ಕೊನೆಯ ಐದು ಸೆಕೆಂಡಿನಲ್ಲಿ ಕೈ ಮಾಡಬೇಕಾದ್ದು ಬಹಳ ಸಣ್ಣ ಕೆಲಸ. ಅದು ಸಣ್ಣದಾಗಿಯೇ ಉಳಿಯಬೇಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ಉಳಿದದ್ದೆಲ್ಲ ಒಂದು ಹದಕ್ಕೆ ಬಂದಿರಬೇಕು.

ಮೊದಲು ಗುರಿ ಏನೆಂದು ಗೊತ್ತುಮಾಡಿಕೊಳ್ಳಿ. ನೆಲ ಮುಟ್ಟುವಾಗ ಇಳಿಯುವ ದರ ನಿಮಿಷಕ್ಕೆ 100ರಿಂದ 250 ಅಡಿ ಇದ್ದರೆ ಅದು ಒಳ್ಳೆಯ ಇಳಿಕೆ. ಪ್ರಯಾಣಿಕರ ಜೆಟ್‌ಗಳ ಚಕ್ರದ ಕಾಲುಗಳನ್ನು ಗರಿಷ್ಠ ಇಳಿಕೆ ತೂಕದಲ್ಲಿ ನಿಮಿಷಕ್ಕೆ 600 ಅಡಿ ದರದ ಹೊಡೆತ ತಾಳುವಂತೆ ವಿನ್ಯಾಸ ಮಾಡಿರುತ್ತಾರೆ. ಹಾಗಾಗಿ 300 ಬಂದರೆ ಅದು ಅನಾಹುತವಲ್ಲ. 40, 50 ಅಡಿಯ ದರಕ್ಕಾಗಿ ಹಟ ಹಿಡಿದರೆ ರನ್‌ವೇ ಉದ್ದ ತಿಂದುಹಾಕುತ್ತೀರಿ. ಸರಿಯಾದ ಜಾಗದಲ್ಲಿ 200ಕ್ಕೆ ಇಳಿದದ್ದು, ಒಂದು ಕಿಲೋಮೀಟರ್ ಮುಂದೆ ಹೋಗಿ 50ಕ್ಕೆ ಇಳಿದದ್ದಕ್ಕಿಂತ ಯಾವತ್ತೂ ಮೇಲು.

ಫೋನನ್ನು ಮೊದಲು ಸಿದ್ಧಮಾಡಿ

ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಫೋನನ್ನು 'ಡು ನಾಟ್ ಡಿಸ್ಟರ್ಬ್'ಗೆ ಹಾಕಿ. 300 ಅಡಿಯಲ್ಲಿ ಬಂದ ಒಂದು ಕರೆ ವೇಗದ ಅಂಕಿಯನ್ನೇ ಮುಚ್ಚಿಬಿಡುತ್ತದೆ. ಬ್ಯಾಟರಿ ಸೇವರ್ ಆಫ್ ಮಾಡಿ, ಅದು ಪ್ರೊಸೆಸರನ್ನು ನಿಧಾನಗೊಳಿಸುತ್ತದೆ. ದೂರದ ಹಾರಾಟದ ಕೊನೆಗೆ ಫೋನ್ ಕಾದಿರುತ್ತದೆ. ವಿಮಾನ ನಿಲ್ದಾಣದ ಕಟ್ಟಡಗಳು, ಬೇರೆ ವಿಮಾನಗಳು ಎಲ್ಲ ಒಟ್ಟಿಗೆ ಪರದೆಗೆ ಬರುವುದೂ ಆಗಲೇ. ಹೀಗಾಗಿ ಫ್ರೇಮ್ ಬೀಳುವುದು ಸರಿಯಾಗಿ ಕೊನೆಯ 100 ಅಡಿಯಲ್ಲಿ. ಚಿತ್ರ ತಡವಾಗಿ ಬಂದರೆ ನೀವು ತಡವಾಗಿ ತಿದ್ದುತ್ತೀರಿ, ಆ ತಿದ್ದುವಿಕೆ ಮಿತಿಮೀರುತ್ತದೆ, ಮತ್ತೆ ಎದುರು ತಿದ್ದಬೇಕಾಗುತ್ತದೆ. ಗ್ರಾಫಿಕ್ಸ್ ಗುಣಮಟ್ಟ ಮತ್ತು ಅಕ್ಕಪಕ್ಕದ ವಿಮಾನಗಳ ಸಂಖ್ಯೆಯನ್ನು ಒಂದು ಮೆಟ್ಟಿಲು ಇಳಿಸಿ. ಅಂದವಾದ ಚಿತ್ರಕ್ಕಿಂತ ಏಕಸಮನಾದ ಫ್ರೇಮ್ ದರ ಇಲ್ಲಿ ಮುಖ್ಯ. ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಫೋನ್ ಇನ್ನಷ್ಟು ಕಾಯುತ್ತದೆ, ಇಳಿಯುವ ಅರ್ಧ ಗಂಟೆ ಮೊದಲೇ ಕೇಬಲ್ ತೆಗೆಯಿರಿ.

ಫೋನ್ ಓಲಿಸಿ ಹಾರಿಸುವವರು ಎರಡೂ ಮೊಣಕೈಗಳನ್ನು ಮೇಜಿನ ಮೇಲೋ ತೊಡೆಯ ಮೇಲೋ ಊರಿಕೊಳ್ಳಿ. ಕೈ ಗಾಳಿಯಲ್ಲಿದ್ದರೆ ಮಣಿಕಟ್ಟಿನ ನಡುಕವೂ ಎಲಿವೇಟರಿಗೆ (ಮೂತಿ ಏಳಿಸಿ ಇಳಿಸುವ ಬಾಲದ ಫಲಕಕ್ಕೆ) ತಲುಪುತ್ತದೆ. ಇಳಿಯುವಾಗ ಯಾವ ಭಂಗಿಯಲ್ಲಿ ಕೂರುತ್ತೀರೋ ಅದೇ ಭಂಗಿಯಲ್ಲಿ ಕೂತು ಕ್ಯಾಲಿಬ್ರೇಟ್ ಮಾಡಿ. ಹಾರುವಾಗ ಒಂದು ಕೋನ, ಇಳಿಯುವಾಗ ಸೋಫಾಕ್ಕೆ ಒರಗಿ ಇನ್ನೊಂದು ಕೋನ ಆದರೆ, ಆಟೋಪೈಲಟ್ ತೆಗೆದ ಕೂಡಲೇ ಮೂತಿ ತಟ್ಟನೆ ಏಳುತ್ತದೆ ಅಥವಾ ಬೀಳುತ್ತದೆ.

ಎಷ್ಟು ದೂರದಿಂದ ಇಳಿಯತೊಡಗಬೇಕು

ಲೆಕ್ಕ ಸುಲಭ. ಕಳೆಯಬೇಕಾದ ಎತ್ತರವನ್ನು ಸಾವಿರ ಅಡಿಗಳಲ್ಲಿ ತೆಗೆದುಕೊಂಡು 3ರಿಂದ ಗುಣಿಸಿ, ಬಂದದ್ದು ನಾಟಿಕಲ್ ಮೈಲಿ (ಸುಮಾರು 1.85 ಕಿ.ಮೀ.; ಮುಂದೆ ಮೈಲಿ ಎಂದರೆ ಇದೇ). 36,000 ಅಡಿಯಿಂದ 3,000ಕ್ಕೆ ಬರಬೇಕಾದರೆ 33 × 3 = 99. ವೇಗ ತಗ್ಗಿಸಲು ಇನ್ನು 10 ಮೈಲಿ ಸೇರಿಸಿ, ಸುಮಾರು 110 ಮೈಲಿ ದೂರದಲ್ಲೇ ಶುರುಮಾಡಿ. ಇಳಿಯುವ ದರ ಬೇಕಾದರೆ ನೆಲವೇಗವನ್ನು 5ರಿಂದ ಗುಣಿಸಿ: 450 ನಾಟ್ ಇದ್ದಾಗ ನಿಮಿಷಕ್ಕೆ 2,250 ಅಡಿ, 140 ಇದ್ದಾಗ 700. ಇಲ್ಲಿ ಬೇಕಾದ್ದು ನೆಲವೇಗ, ಗಾಳಿವೇಗವಲ್ಲ. 20 ನಾಟ್ ಎದುರುಗಾಳಿ ಇದ್ದರೆ ಅದೇ 140ರ ವಿಮಾನ ನೆಲದ ಮೇಲೆ 120ರಲ್ಲಿ ಸಾಗುತ್ತದೆ, ದರ 600 ಸಾಕು.

ರನ್‌ವೇ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ಪರದೆಯ ಬಲಬದಿಯ ಎತ್ತರ ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಎಣಿಸಿದ್ದು. ರನ್‌ವೇ 3,000 ಅಡಿ ಎತ್ತರದಲ್ಲಿದ್ದರೆ ಅಲ್ಲಿ 4,000 ಎಂದು ತೋರಿಸುವಾಗ ನಿಮ್ಮ ಕೆಳಗೆ ಇರುವುದು 1,000 ಅಡಿ ಮಾತ್ರ. ಎತ್ತರದ ನಿಲ್ದಾಣದಲ್ಲಿ ಗಾಳಿ ತೆಳು. ಸೂಚಿಯಲ್ಲಿ ಅದೇ ವೇಗ ಕಂಡರೂ ನಿಜವೇಗ ಪ್ರತಿ 1,000 ಅಡಿಗೆ ಸುಮಾರು ಶೇ. 2ರಷ್ಟು ಹೆಚ್ಚಿರುತ್ತದೆ, ಇಳಿಯುವ ದರವೂ ಅದಕ್ಕೆ ತಕ್ಕಂತೆ ಏರುತ್ತದೆ.

ವೇಗ, ಫ್ಲಾಪ್, ಗೇರ್

10,000 ಅಡಿಯ ಕೆಳಗೆ 250 ನಾಟ್ ಮೀರಬೇಡಿ. ರನ್‌ವೇಗೆ 15–20 ಮೈಲಿ ಇರುವಾಗ 210ರ ಆಸುಪಾಸಿಗೆ, 10 ಮೈಲಿಯಲ್ಲಿ 180ಕ್ಕೆ ಬನ್ನಿ. ಜೆಟ್ ವಿಮಾನಕ್ಕೆ ಇಳಿಯುವುದು ಮತ್ತು ನಿಧಾನವಾಗುವುದು ಎರಡೂ ಒಟ್ಟಿಗೆ ಬರುವುದಿಲ್ಲ. ವೇಗ ತಗ್ಗಿಸಬೇಕಾದಾಗ ಸ್ವಲ್ಪ ದೂರ ಸಮತಲದಲ್ಲಿ ಹಾರಿಸಿ.

ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಹೊರಬರುವ ಫಲಕ) ಬಿಡಲು ಪ್ರತಿ ಹಂತಕ್ಕೂ ಒಂದು ಗರಿಷ್ಠ ವೇಗವಿದೆ. ಏರ್‌ಬಸ್ ಎ320ರಲ್ಲಿ ಹಂತ 1ಕ್ಕೆ 230, 2ಕ್ಕೆ 200, 3ಕ್ಕೆ 185, ಪೂರ್ತಿಗೆ 177 ನಾಟ್. ಬೋಯಿಂಗ್ 737-800ರಲ್ಲಿ ಫ್ಲಾಪ್ 5ಕ್ಕೆ 250, 15ಕ್ಕೆ 200, 30ಕ್ಕೆ 175, 40ಕ್ಕೆ 162. ಇವು ಮೀರಬಾರದ ಗಡಿಗಳು. ಗಡಿಗಿಂತ 10–15 ನಾಟ್ ಕೆಳಗಿರುವಾಗ ಬಿಡುವುದು ಒಳ್ಳೆಯ ಅಭ್ಯಾಸ. ಪ್ರತಿ ಹಂತ ಹೊರಬಂದಾಗಲೂ ರೆಕ್ಕೆಯ ಎತ್ತುಬಲ ಹೆಚ್ಚಿ ವಿಮಾನ ಒಂದಿಷ್ಟು ಮೇಲೇಳುತ್ತದೆ. ಮೂತಿಯನ್ನು ಒಂದು ಡಿಗ್ರಿ ತಗ್ಗಿಸಿ, ವೇಗ ನೆಲೆಗೊಳ್ಳಲು ಬಿಡಿ, ಆಮೇಲೆ ಮುಂದಿನ ಹಂತ. ಮೂರು ಹಂತ ಒಂದೇ ಉಸಿರಿಗೆ ಒತ್ತಿದರೆ ಗ್ಲೈಡ್ ಸ್ಲೋಪ್ (ರನ್‌ವೇಗೆ ಇಳಿಯುವ ಇಳಿಜಾರು ದಾರಿ) ಕೈತಪ್ಪುತ್ತದೆ.

ಗೇರನ್ನು (ಚಕ್ರದ ಕಾಲುಗಳನ್ನು) ನೆಲದಿಂದ 2,000 ಅಡಿಯ ಹೊತ್ತಿಗೆ, ರನ್‌ವೇಗೆ 6–7 ಮೈಲಿ ಇರುವಾಗ ಇಳಿಸಿ. ರೆಕ್ಕೆಯ ಮೇಲೆ ಏಳುವ ಫಲಕಗಳಾದ ಸ್ಪಾಯ್ಲರನ್ನು 'ಆರ್ಮ್' (ನೆಲ ಮುಟ್ಟಿದಾಗ ತಾನೇ ಏಳಲು ಸಜ್ಜಾದ) ಸ್ಥಿತಿಗೆ, ಆಟೋಬ್ರೇಕನ್ನು ಕಡಿಮೆ ಅಥವಾ ಮಧ್ಯಮಕ್ಕೆ ಈಗಲೇ ಇಟ್ಟುಬಿಡಿ. ಕೊನೆಯ ಫ್ಲಾಪ್ 1,500 ಅಡಿಗೆ ಬರುವಷ್ಟರಲ್ಲಿ ಮುಗಿದಿರಲಿ.

ಅಂತಿಮ ವೇಗ ವಿಮಾನದ ತೂಕವನ್ನು ಅವಲಂಬಿಸಿದೆ. ಇಂಧನ, ಸರಕು ತುಂಬಿಸುವ ಪುಟದಲ್ಲಿ ಇಳಿಯುವ ಹೊತ್ತಿನ ತೂಕ ನೋಡಿ. ಸಾಮಾನ್ಯ ತೂಕದಲ್ಲಿ ಎ320ಕ್ಕೆ 130–140 ನಾಟ್, 737-800ಕ್ಕೆ 135–145, ಸುಮಾರು 250 ಟನ್ ತೂಗುವ 777-300ಇಆರ್‌ಗೆ 145–150. ಅರ್ಧ ಗಂಟೆಯ ಹಾರಾಟಕ್ಕೆ ಟ್ಯಾಂಕ್ ಪೂರ್ತಿ ತುಂಬಿಸಿ ಹೊರಟರೆ ಗರಿಷ್ಠ ಇಳಿಕೆ ತೂಕ ಮೀರಿರುತ್ತೀರಿ. ಆಮೇಲೆ ಎಷ್ಟೇ ಮೂತಿ ಎತ್ತಿದರೂ ವಿಮಾನ ಕಲ್ಲಿನ ಹಾಗೆ ಕುಸಿಯುತ್ತದೆ, ತಪ್ಪು ಮಾತ್ರ ನಿಮ್ಮ ಕೈಯದೆನಿಸುತ್ತದೆ. ಥ್ರಾಟಲನ್ನು ಕೈಯಲ್ಲೇ ನಡೆಸುವುದಾದರೆ ಈ ವೇಗಕ್ಕೆ ಎದುರುಗಾಳಿಯ ಅರ್ಧ ಮತ್ತು ಗಾಳಿಯ ಹೊಡೆತ ಎಷ್ಟಿದೆಯೋ ಅಷ್ಟು ಸೇರಿಸಿ. ಕನಿಷ್ಠ 5, ಗರಿಷ್ಠ 15 ನಾಟ್.

1,000 ಅಡಿಯ ತಪಾಸಣೆ

ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೊ ಸಂಕೇತ) ಹಿಡಿಯುವುದಾದರೆ ರನ್‌ವೇಯ ನೇರಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ, ಗ್ಲೈಡ್ ಸ್ಲೋಪಿನ ಕೆಳಗಿನಿಂದ ಬನ್ನಿ. 3 ಡಿಗ್ರಿ ದಾರಿಯಲ್ಲಿ ಪ್ರತಿ ಮೈಲಿಗೆ 318 ಅಡಿ ಇಳಿಕೆ. ಹಾಗಾಗಿ ನೆಲದಿಂದ 3,000 ಅಡಿಯಲ್ಲಿ ಹಾರುತ್ತಿದ್ದರೆ ಗ್ಲೈಡ್ ಸ್ಲೋಪ್ ಸಿಗುವುದು ಒಂಬತ್ತೂವರೆ ಮೈಲಿಯ ಹತ್ತಿರ. ಮೇಲಿನಿಂದ ಅಟ್ಟಿಸಿಕೊಂಡು ಹೋಗಿ ಹಿಡಿಯಲು ಹೊರಟರೆ ಮೂತಿ ಕೆಳಗಾಗಿ ವೇಗ ಏರುತ್ತದೆ, ಆ ವೇಗವನ್ನು ಕಳೆಯಲು ಮುಂದೆ ಸಮಯ ಸಿಗುವುದಿಲ್ಲ.

ನೆಲದಿಂದ 1,000 ಅಡಿಗೆ ಬಂದಾಗ ಇಷ್ಟೂ ಸರಿ ಇರಬೇಕು: ಗೇರ್ ಕೆಳಗೆ, ಫ್ಲಾಪ್ ಅಂತಿಮ ಹಂತದಲ್ಲಿ, ವೇಗ ಗುರಿಯಿಂದ 10 ನಾಟ್ ಒಳಗೆ, ಇಳಿಯುವ ದರ 600ರಿಂದ 800, ವಿಮಾನ ರನ್‌ವೇಯ ನಡುಗೆರೆಯ ನೇರಕ್ಕೆ, ಎಂಜಿನ್ ಐಡಲ್‌ನಲ್ಲಿ (ಅತಿ ಕಡಿಮೆ ಬಲದಲ್ಲಿ) ಇರದೆ ಸುಮಾರು 50–60 ಶೇಕಡಾ ಎನ್1 (ಎಂಜಿನ್ ಮುಂದಿನ ಫ್ಯಾನಿನ ವೇಗ). ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ಣ ಬಲಕ್ಕೆ ಬರಲು ಹಲವು ಸೆಕೆಂಡ್ ಬೇಕು. 100 ಅಡಿಯಲ್ಲಿ ವೇಗ ಬಿದ್ದಾಗ ಥ್ರಾಟಲ್ ತಳ್ಳಿದರೆ ಬಲ ಬರುವಷ್ಟರಲ್ಲಿ ಚಕ್ರ ನೆಲ ಮುಟ್ಟಿರುತ್ತದೆ.

ರನ್‌ವೇಯ ಪಕ್ಕದ ಪ್ಯಾಪಿ ದೀಪಗಳು ನಾಲ್ಕು. ಎರಡು ಬಿಳಿ, ಎರಡು ಕೆಂಪು ಕಂಡರೆ ನೀವು 3 ಡಿಗ್ರಿ ದಾರಿಯಲ್ಲಿದ್ದೀರಿ. ನಾಲ್ಕೂ ಬಿಳಿಯಾದರೆ ತುಂಬಾ ಮೇಲೆ, ನಾಲ್ಕೂ ಕೆಂಪಾದರೆ ತುಂಬಾ ಕೆಳಗೆ. ಮೂರು ಬಿಳಿ ಕಂಡರೆ ದರವನ್ನು 100 ಅಡಿಯಷ್ಟು ಮಾತ್ರ ಹೆಚ್ಚಿಸಿ, ಬಣ್ಣ ಬದಲಾದ ಕೂಡಲೇ ಮೊದಲಿನ ದರಕ್ಕೆ ಮರಳಿ. ಸುಮಾರು 200 ಅಡಿಯ ಕೆಳಗೆ ಇವನ್ನು ನೋಡುವುದು ಬಿಟ್ಟುಬಿಡಿ.

1,000 ಅಡಿಯಲ್ಲಿ ಇವುಗಳಲ್ಲಿ ಒಂದು ತಪ್ಪಿದ್ದು, 500 ಅಡಿಗೆ ಬಂದರೂ ಸರಿಹೋಗದಿದ್ದರೆ ಇಳಿಯಬೇಡಿ. ಥ್ರಾಟಲ್ ಮುಂದೆ, ಮೂತಿ ಸುಮಾರು 15 ಡಿಗ್ರಿ ಮೇಲೆ, ಫ್ಲಾಪ್ ಒಂದು ಹಂತ ಒಳಗೆ, ಎತ್ತರ ಏರುತ್ತಿದೆ ಎಂದು ಖಚಿತವಾದ ಮೇಲೆ ಗೇರ್ ಮೇಲೆ. ಹೀಗೆ ಇಳಿಯದೆ ಮತ್ತೆ ಮೇಲೇರಿ ಸುತ್ತಿಬರುವ ಗೋ-ಅರೌಂಡ್ ಮಾಡಿದವರು ಸೋತವರಲ್ಲ. ಹಾಳಾದ ಅಪ್ರೋಚನ್ನು (ರನ್‌ವೇಗೆ ಇಳಿದು ಬರುವುದನ್ನು) ಕೊನೆಯಲ್ಲಿ ಸರಿಮಾಡಲು ಹೋಗುವವರು ಕೆಟ್ಟ ಚಾಳಿಯನ್ನು ಗಟ್ಟಿಮಾಡಿಕೊಳ್ಳುತ್ತಾರೆ.

ಆಟೋಪೈಲಟ್ ತೆಗೆಯುವ ಹೊತ್ತು

ಕೈಯಿಂದ ಇಳಿಸುವುದಾದರೆ 1,000 ಅಡಿಗಿಂತ ಮೇಲೆಯೇ ಆಟೋಪೈಲಟ್ ತೆಗೆಯಿರಿ. 200 ಅಡಿವರೆಗೂ ಅದಕ್ಕೇ ಬಿಟ್ಟರೆ ಆ ದಿನದ ಗಾಳಿ, ತೂಕ, ಟ್ರಿಮ್ (ಕೈ ಬಿಟ್ಟರೂ ಮೂತಿ ಒಂದೇ ಕೋನದಲ್ಲಿ ನಿಲ್ಲುವಂತೆ ಮಾಡುವ ಹೊಂದಿಕೆ) ಯಾವುದರ ಅಂದಾಜೂ ನಿಮ್ಮ ಕೈಗೆ ಹತ್ತಿರುವುದಿಲ್ಲ. ತೆಗೆಯುವ ಮೊದಲು ಫೋನನ್ನು ನೇರ ಹಿಡಿದು ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿ. ತೆಗೆದ ಮೇಲೆ ಫೋನ್ ಅಲುಗಿಸದೆ ಎರಡು ಸೆಕೆಂಡ್ ನೋಡಿ. ಮೂತಿ ತಾನಾಗಿ ಇಳಿಯುತ್ತಿದ್ದರೆ ಟ್ರಿಮ್ ಮೇಲಕ್ಕೆ, ಏರುತ್ತಿದ್ದರೆ ಕೆಳಕ್ಕೆ ಕೊಡಿ. ಕೈ ಸಡಿಲ ಬಿಟ್ಟರೂ ದರ 700ರ ಆಸುಪಾಸಿನಲ್ಲೇ ನಿಲ್ಲುವಂತಾಗಬೇಕು. ಟ್ರಿಮ್ ಆಗದ ವಿಮಾನವನ್ನು ಹೊತ್ತುಕೊಂಡೇ ಬಂದರೆ, ಫ್ಲೇರ್ (ನೆಲ ಮುಟ್ಟುವ ಮುನ್ನ ಮೂತಿ ಎತ್ತುವ) ಸಮಯಕ್ಕೆ ಫೋನ್ ಆಗಲೇ ಅರ್ಧ ಓಲಿರುತ್ತದೆ, ಇನ್ನೂ ಓಲಿಸಲು ಜಾಗವೇ ಉಳಿದಿರುವುದಿಲ್ಲ.

ವೇಗ ಕಾಯುವ ಆಟೋಥ್ರಾಟಲನ್ನೂ 500 ಅಡಿಗೆ ಬರುವಷ್ಟರಲ್ಲಿ ತೆಗೆದುಬಿಡಿ. ಅದು ಉಳಿದುಕೊಂಡರೆ ಮೂತಿ ಎತ್ತಿದಾಗ ತಗ್ಗುವ ವೇಗವನ್ನು ಕಾಯಲು ಹೋಗಿ ಎಂಜಿನ್ ಬಲ ಹೆಚ್ಚಿಸುತ್ತದೆ, ನೀವು ಇಳಿಸಬೇಕೆಂದಷ್ಟೂ ವಿಮಾನ ತೇಲುತ್ತದೆ.

ಕೊನೆಯ 50 ಅಡಿ

ಹಿಂಬದಿಯಿಂದ ಇಡೀ ವಿಮಾನ ಕಾಣುವ ನೋಟ ಇಲ್ಲಿ ಬೇಡ, ಅದರಲ್ಲಿ ನೆಲ ಎಷ್ಟು ಹತ್ತಿರ ಎಂದು ತಿಳಿಯುವುದಿಲ್ಲ. ಕಾಕ್‌ಪಿಟ್ ಅಥವಾ ಹಡ್ (ಹಾರಾಟದ ಅಂಕಿಗಳು ಎದುರಿನ ದೃಶ್ಯದ ಮೇಲೇ ಕಾಣುವ) ನೋಟದಲ್ಲಿರಿ. ಅಲ್ಲಿಯವರೆಗೆ ಕಣ್ಣು ರನ್‌ವೇಯ ಮೇಲಿನ ಎರಡು ದಪ್ಪ ಬಿಳಿ ಪಟ್ಟಿಗಳ ಮೇಲಿರಲಿ; ಉದ್ದ ರನ್‌ವೇಗಳಲ್ಲಿ ಅವು ಅಂಚಿನಿಂದ ಸುಮಾರು 300–400 ಮೀಟರ್ ಒಳಗಿರುತ್ತವೆ. ಆ ಪಟ್ಟಿಗಳು ಪರದೆಯಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನೀವು ಅವಕ್ಕಿಂತ ಮೊದಲೇ ಬೀಳುತ್ತೀರಿ, ಕೆಳಕ್ಕೆ ಸರಿಯುತ್ತಿದ್ದರೆ ದಾಟಿ ಹೋಗುತ್ತೀರಿ. ಅಲ್ಲೇ ನಿಂತು ದೊಡ್ಡದಾಗುತ್ತಿದ್ದರೆ ದಾರಿ ಸರಿ.

ರನ್‌ವೇಯ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟುತ್ತೀರಿ. ಈಗ ಕಣ್ಣನ್ನು ರನ್‌ವೇಯ ತುದಿಗೆ ಎತ್ತಿ. ಮೂತಿಯ ಮುಂದಿನ ನೆಲವನ್ನೇ ನೋಡುತ್ತಿದ್ದರೆ ನೆಲ ಧಾವಿಸಿ ಬಂದಂತೆ ಕಂಡು ಕೈ ಜೋರಾಗಿ ಎಳೆದುಬಿಡುತ್ತದೆ.

ಇನ್ನು ಕಿವಿಯ ಕೆಲಸ. ವಿಮಾನ '50, 40, 30, 20, 10' ಎಂದು ಕೂಗುತ್ತದೆ. ನಿಮಿಷಕ್ಕೆ 700 ಅಡಿ ಎಂದರೆ ಸೆಕೆಂಡಿಗೆ ಸುಮಾರು 12 ಅಡಿ. ಎರಡು ಕೂಗುಗಳ ನಡುವೆ ಒಂದು ಸೆಕೆಂಡಿಗಿಂತ ತುಸು ಕಡಿಮೆ. ಈ ಲಯ ಕಿವಿಗೆ ಕೂತರೆ ಅಂಕಿ ನೋಡುವುದೇ ಬೇಡ. ಕೂಗುಗಳು ಒಂದರ ಮೇಲೊಂದು ಬೀಳುತ್ತಿವೆ ಎಂದರೆ ದರ ಹೆಚ್ಚಿದೆ, ಫ್ಲೇರನ್ನು ಒಂದು ಕೂಗು ಮೊದಲೇ ಶುರುಮಾಡಿ. ಎಳೆದೆಳೆದು ಬರುತ್ತಿದ್ದರೆ ತುಸು ತಡೆಯಿರಿ.

ಎ320, 777 ಇಂಥವಕ್ಕೆ 30ರ ಕೂಗಿಗೆ, 737ಕ್ಕೆ 20ರ ಕೂಗಿಗೆ ಮೂತಿ ಎತ್ತತೊಡಗಿ. ಎತ್ತಬೇಕಾದ್ದು 2ರಿಂದ 3 ಡಿಗ್ರಿ ಮಾತ್ರ. ಅಪ್ರೋಚಿನಲ್ಲಿ ಮೂತಿ 3 ಡಿಗ್ರಿಯಲ್ಲಿದ್ದರೆ ಅದು 5–6ಕ್ಕೆ ಹೋಗಬೇಕು, ಅದೂ ಎರಡು ಸೆಕೆಂಡಿನಷ್ಟು ಹೊತ್ತಿನಲ್ಲಿ. ಒಂದೇ ಸಲಕ್ಕೆ ಎಳೆಯಬೇಡಿ, ಪದೇಪದೇ ತುಸು ತುಸು ಜಗ್ಗಲೂ ಬೇಡಿ. ಒಂದೇ ಹದದಲ್ಲಿ ಎತ್ತಿ, ಆ ಕೋನದಲ್ಲಿ ಹಿಡಿದುಕೊಳ್ಳಿ. ವೇಗ ಬಿದ್ದಂತೆ ಮೂತಿ ತಾನೇ ಜಾರುತ್ತದೆ. ಅದನ್ನು ಬೀಳಲು ಬಿಡದಿರುವುದಷ್ಟೇ ಆಮೇಲಿನ ಕೆಲಸ. 737-800, ಎ321ನಂಥ ಉದ್ದ ದೇಹದವುಗಳಲ್ಲಿ ಮೂತಿ 9 ಡಿಗ್ರಿ ದಾಟಿದರೆ ಬಾಲ ನೆಲಕ್ಕೆ ತಾಗಬಹುದು.

ಥ್ರಾಟಲ್ ತೆಗೆಯುವುದು ಮೂತಿ ಎತ್ತಿದ ಮೇಲೆ, ಮೊದಲಲ್ಲ. ಎ320ರಲ್ಲಿ 20 ಅಡಿಗೆ 'ರಿಟಾರ್ಡ್' ಎಂಬ ಕೂಗು ಬರುವುದು ಇದಕ್ಕೇ. 20ರಿಂದ ಜಾರಿಸತೊಡಗಿ, ಚಕ್ರ ಮುಟ್ಟುವ ಹೊತ್ತಿಗೆ ಐಡಲ್ ಆಗಿರಲಿ. 50 ಅಡಿಯಲ್ಲೇ ಥ್ರಾಟಲ್ ಕಿತ್ತರೆ ವೇಗ ಕುಸಿದು ವಿಮಾನ ಕೊನೆಯ 15 ಅಡಿಯನ್ನು ಬಿದ್ದೇ ಕ್ರಮಿಸುತ್ತದೆ. 777, 747ನಂಥ ಭಾರಿ ವಿಮಾನಗಳಲ್ಲಿ ಇನ್ನೂ ನಿಧಾನವಾಗಿ ತೆಗೆಯಿರಿ.

ನೆಲದ ಹತ್ತಿರ ರೆಕ್ಕೆಯ ಕೆಳಗಿನ ಗಾಳಿ ಮೆತ್ತೆಯಂತೆ ವರ್ತಿಸುತ್ತದೆ, ಗಾಳಿಯ ತಡೆ ಕಡಿಮೆಯಾಗುತ್ತದೆ. ವೇಗ ಹೆಚ್ಚಿದ್ದರೆ ವಿಮಾನ ತೇಲುತ್ತಲೇ ಇರುತ್ತದೆ. 140 ನಾಟ್ ಎಂದರೆ ಸೆಕೆಂಡಿಗೆ 72 ಮೀಟರ್. ಹತ್ತು ಸೆಕೆಂಡ್ ತೇಲಿದರೆ 720 ಮೀಟರ್ ರನ್‌ವೇ ಹೋಯಿತು. ಅಂಚಿನಿಂದ 900 ಮೀಟರ್ ದಾಟಿಯೂ ಚಕ್ರ ಮುಟ್ಟದಿದ್ದರೆ ಗೋ-ಅರೌಂಡ್ ಮಾಡಿ. ರನ್‌ವೇ ಒದ್ದೆಯಿದ್ದಾಗ, ಗಿಡ್ಡವಿದ್ದಾಗ ಮೆತ್ತಗಿನ ಇಳಿಕೆಯ ಆಸೆ ಬಿಟ್ಟು ಗಟ್ಟಿಯಾಗಿಯೇ ಕೂರಿಸಿ.

ಮೂತಿ ಹೆಚ್ಚು ಎತ್ತಿ ವಿಮಾನ ಮತ್ತೆ ಮೇಲೇಳತೊಡಗಿದರೆ ಕೆಳಗೆ ಒತ್ತಬೇಡಿ. ಒತ್ತಿದರೆ ಮುಂಚಕ್ರ ಮೊದಲು ಬಡಿಯುತ್ತದೆ. ಎಳೆತವನ್ನು ಸಡಿಲಿಸಿ, ಕೋನ ಹಿಡಿದು, ಬೇಕಿದ್ದರೆ ಒಂದು ಚಿಟಿಕೆ ಥ್ರಾಟಲ್ ಕೊಟ್ಟು ಕೂರಲು ಬಿಡಿ. ಮುಟ್ಟಿ ಪುಟಿದಾಗಲೂ ಇದೇ ಮಾತು. ಸಣ್ಣ ಪುಟಿತವಾದರೆ ಮೂತಿ ಹಾಗೇ ಹಿಡಿಯಿರಿ, ಎತ್ತರಕ್ಕೆ ಪುಟಿದರೆ ಗೋ-ಅರೌಂಡ್.

ಅಡ್ಡಗಾಳಿ ಇದ್ದಾಗ

ಗಾಳಿ ರನ್‌ವೇಗೆ 30 ಡಿಗ್ರಿಯಿಂದ ಬಂದರೆ ಅದರ ಅರ್ಧ ಅಡ್ಡಗಾಳಿ, 45ಕ್ಕೆ ಶೇ. 70, 60 ದಾಟಿದರೆ ಬಹುತೇಕ ಪೂರ್ತಿ. 20 ನಾಟ್ ಅಡ್ಡಗಾಳಿಗೆ 140ರ ವೇಗದಲ್ಲಿ ಮೂತಿ ಸುಮಾರು 8 ಡಿಗ್ರಿ ಗಾಳಿಯ ಕಡೆಗೆ ತಿರುಗಿರುತ್ತದೆ. ಅದನ್ನು ಹಾಗೆಯೇ ಬಿಡಿ, ವಿಮಾನ ಸಾಗುವ ದಾರಿ ನಡುಗೆರೆಯ ಮೇಲಿದ್ದರೆ ಸಾಕು. ಫ್ಲೇರ್ ಶುರುವಾದ ಮೇಲೆ, ಸುಮಾರು 20 ಅಡಿಯಿಂದ, ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ಸ್ಲೈಡರನ್ನು ಗಾಳಿ ಬೀಸಿ ಹೋಗುವ ಕಡೆಗೆ ಮೆಲ್ಲಗೆ ಸರಿಸಿ ಮೂತಿಯನ್ನು ರನ್‌ವೇಗೆ ನೇರಮಾಡಿ. ಆಗ ಗಾಳಿ ಬರುವ ಕಡೆಯ ರೆಕ್ಕೆ ಏಳಲು ನೋಡುತ್ತದೆ. ಫೋನನ್ನು ಒಂದೆರಡು ಡಿಗ್ರಿ ಆ ಕಡೆಗೇ ಓಲಿಸಿ. ಮೊದಲು ಆ ಕಡೆಯ ಚಕ್ರ, ಆಮೇಲೆ ಇನ್ನೊಂದು ಮುಟ್ಟಿದರೆ ಅದು ತಪ್ಪಲ್ಲ, ಹಾಗೇ ಆಗಬೇಕು. ರಡರನ್ನು 50 ಅಡಿಯಲ್ಲೇ ಒತ್ತಿದರೆ ನೆಲ ಮುಟ್ಟುವಷ್ಟರಲ್ಲಿ ಗಾಳಿ ನಿಮ್ಮನ್ನು ಅಂಚಿಗೆ ತಳ್ಳಿರುತ್ತದೆ.

ಚಕ್ರ ಮುಟ್ಟಿದ ಮೇಲೆ

ಮೂತಿಯನ್ನು ಎತ್ತಿಯೇ ಇಟ್ಟುಕೊಳ್ಳಬೇಡಿ, ಧೊಪ್ಪನೆ ಬಿಡಲೂ ಬೇಡಿ. ಮೂರ್ನಾಲ್ಕು ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸಿ. ಆರ್ಮ್ ಮಾಡಿದ್ದ ಸ್ಪಾಯ್ಲರ್ ತಾನೇ ಏಳುತ್ತದೆ, ರೆಕ್ಕೆಯ ಎತ್ತುಬಲ ಹೋಗಿ ತೂಕ ಚಕ್ರದ ಮೇಲೆ ಬೀಳುತ್ತದೆ. ಅದು ಏಳದಿದ್ದರೆ ಬ್ರೇಕಿಗೂ ಹಿಡಿತವಿರುವುದಿಲ್ಲ, ಮೆತ್ತಗೆ ಮುಟ್ಟಿದ ವಿಮಾನ ಮತ್ತೆ ಹಾರುವುದೂ ಉಂಟು. ರಿವರ್ಸ್ (ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದು) ಕೊಡಿ, 70 ನಾಟ್‌ನ ಹತ್ತಿರ ಅದನ್ನು ಐಡಲಿಗೆ ತನ್ನಿ. ನಡುಗೆರೆಯನ್ನು ರಡರಿನಿಂದಲೇ ಕಾಯಿರಿ.

ಅಭ್ಯಾಸಕ್ಕೆ ಇಡೀ ಹಾರಾಟ ಬೇಕಿಲ್ಲ. ವಿಮಾನವನ್ನು 10 ಮೈಲಿ ಫೈನಲ್‌ನಲ್ಲಿ (ರನ್‌ವೇಯ ನೇರಕ್ಕೆ 10 ಮೈಲಿ ದೂರದಲ್ಲಿ) ಇಟ್ಟು, ಗಾಳಿ ಸೊನ್ನೆ ಮಾಡಿ, ಒಂದೇ ವಿಮಾನ, ಒಂದೇ ತೂಕ, ಒಂದೇ ರನ್‌ವೇಯಲ್ಲಿ ಹತ್ತು ಸಲ ಇಳಿಸಿ. ಪ್ರತಿ ಸಲ ಮೂರು ಅಂಕಿ ಬರೆದಿಡಿ: 50 ಅಡಿಯಲ್ಲಿದ್ದ ವೇಗ, ಮುಟ್ಟಿದಾಗಿನ ದರ, ಅಂಚಿನಿಂದ ಮುಟ್ಟಿದ ದೂರ. ವೇಗ ಹೆಚ್ಚು, ದೂರವೂ ಹೆಚ್ಚು ಬಂದರೆ 1,000 ಅಡಿಯ ತಪಾಸಣೆಗೆ ಹಿಂದಿರುಗಿ. ವೇಗ ಸರಿ, ದರ ಹೆಚ್ಚು, ದೂರ ಕಡಿಮೆ ಎಂದರೆ ಫ್ಲೇರ್ ತಡವಾಗಿದೆ, ಇಲ್ಲವೇ ಥ್ರಾಟಲ್ ಬೇಗ ತೆಗೆದಿದ್ದೀರಿ. ಯಾವುದೆಂದು ರಿಪ್ಲೇ ನೋಡಿದರೆ ತಿಳಿಯುತ್ತದೆ. ವೇಗ ಸರಿಯಿದ್ದೂ ದೂರ ಹೆಚ್ಚಿದ್ದರೆ ಮೂತಿ ಎತ್ತಿದ್ದು ಜಾಸ್ತಿಯಾಗಿದೆ. ಮೂರೂ ಅಂಕಿ ಸತತ ಐದು ಸಲ ಹತ್ತಿರ ಹತ್ತಿರ ಬಂದ ಮೇಲೆ 8 ನಾಟ್ ಅಡ್ಡಗಾಳಿ ಸೇರಿಸಿ, ಮತ್ತೆ ಒಂದರಿಂದ ಎಣಿಸಿ.